ಫೌಜದಾರನನ್ನು ಮುಗಿಸಿದ್ದೇನೆ

ದಾಂಡೇಲಿ

ನಾನು ಕಂಡ ಪರದೇಶ ಒಂದೇ. ಅದು ನಮ್ಮ ಮನೆಯಿಂದ ಒಂದು ದಿನದ ಹಾದಿಯೂ ಅಲ್ಲ. ಹಡಗು ಹತ್ತಲಿಲ್ಲ, ವಿಮಾನ ಹತ್ತಲಿಲ್ಲ. ಅಳ್ನಾವರದ ತನಕ ಒಂದು ರೈಲು, ಅಲ್ಲಿಂದ ಲೋಂಡಾ ಮೇಲೆ ಕ್ಯಾಸಲ್‌ರಾಕ್‌ಗೆ ಇನ್ನೊಂದು, ಆಮೇಲೆ ಕಾಲ್ನಡಿಗೆ. ಗೋವೆಯಲ್ಲಿ ಆಗಿನ್ನೂ ಪೋರ್ಚುಗೀಸರ ಆಡಳಿತ. ಗಡಿ ದಾಟುವ ರೈಲು ನಿಂತು ಹೋಗಿತ್ತು. ಎರಡೂ ಕಡೆಯ ಪರವಾನಗಿ ಕೈಯಲ್ಲಿದ್ದವರು ಹಳಿಯ ಪಕ್ಕ ನಡೆದು ದಾಟಬೇಕಿತ್ತು. ವಿಲಾಯತಿಗೆ ಹೋಗಿ ಬಂದವರು ಅಲ್ಲಿನ ಹಿಮದ ಬಗ್ಗೆ, ಸೇತುವೆಗಳ ಬಗ್ಗೆ ಬರೆಯುತ್ತಾರೆ. ನಾನು ಬರೆಯಬೇಕಾದದ್ದು ಬಹುಪಾಲು ನನ್ನ ಹೆದರಿಕೆಯ ಬಗ್ಗೆ.

ನಾನು ಕಾಗದದ ಗಿರಣಿಯಲ್ಲಿ ಗುಮಾಸ್ತ. ಸಂಜೆ ಪಾಳಿ ಬಿಡುವ ಭೋಂಗಾ ಕೂಗಿದ ಮೇಲೆ ಕಾಲನಿಯ ವಾಚನಾಲಯದ ಕೀಲಿ ನನ್ನ ಕೈಯಲ್ಲಿ. ಯಾರಿಗೂ ಒಂದಕ್ಷರ ಕಲಿಸದಿದ್ದರೂ ಎಲ್ಲರೂ ನನ್ನನ್ನು ಮಾಸ್ತರ ಎಂದೇ ಕರೆಯುತ್ತಿದ್ದರು. ಹೊಸ ಪುಸ್ತಕ ಬಂದಾಗ ಯಾರಿಗೆ ಯಾವುದು ಹಿಡಿಸೀತು ಎಂದು ಹೇಳುವುದು ನಾನೇ ಹಚ್ಚಿಕೊಂಡ ಕೆಲಸ. ಕಾದಂಬರಿ ಬಿಟ್ಟು ಬೇರೇನೂ ಮುಟ್ಟದ ಗಂಗವ್ವನಿಗೆ ಒಮ್ಮೆ ಜೇನುಹುಳದ ಮೇಲಿನ ಪುಸ್ತಕ ಕೊಟ್ಟು ಕಳಿಸಿ, ಅಂಥದ್ದೇ ಇನ್ನೊಂದು ಇದ್ದರೆ ಕೊಡಿ ಎಂದು ಅವಳ ಬಾಯಿಂದಲೇ ಹೇಳಿಸಿದ್ದೆ. ಮುಂಡಗೋಡದ ಶಾಲಾ ಮಾಸ್ತರರೊಬ್ಬರು ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಂದು, ನಾನು ತೆಗೆದಿಟ್ಟದ್ದನ್ನು ಕಣ್ಣು ಮುಚ್ಚಿ ಒಯ್ಯುತ್ತಿದ್ದರು. ಕತೆಯ ಕೊನೆಯನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಕೊನೆ ಹೇಳಬಾರದು, ನೀವೇ ಓದಬೇಕು. ಇದು ನನ್ನ ಕಟ್ಟುನಿಟ್ಟು, ಅದರ ಮೇಲೆ ನನಗೆ ತುಸು ಹಮ್ಮೂ ಇತ್ತು.

ನಮ್ಮಲ್ಲಿ ಪುಸ್ತಕಗಳಿಗೆ ಪೂರ್ತಿ ಹೆಸರಿರುತ್ತಿರಲಿಲ್ಲ. ಮನುಷ್ಯರನ್ನು ಕರೆದ ಹಾಗೆ ಕರೆಯುತ್ತಿದ್ದೆವು. ಸೊಸೆ ಎಲ್ಲಿದ್ದಾಳೆ ಎಂದು ಗಂಗವ್ವ ಕೇಳಿದರೆ, ಫಿಟ್ಟರ್ ಮನೆಯಲ್ಲಿದ್ದಾಳೆ, ಶನಿವಾರ ಬರುತ್ತಾಳೆ ಎಂದು ನಾನು ಹೇಳಬೇಕು. ಸೊಸೆ ಎರಡು ಭಾಗದ ಕಾದಂಬರಿ, ಮೊದಲನೆಯದು ಹಿರಿಯಳು, ಎರಡನೆಯದು ಕಿರಿಯಳು. ಹೊರಗಿನವರು ಕೇಳಿದರೆ ಏನು ತಿಳಿದಾರೋ ಎಂದು ನಾವೇ ನಗುತ್ತಿದ್ದೆವು. ಪುಸ್ತಕ ಓದಿಯಾಯಿತು ಎನ್ನುವುದಕ್ಕೆ ಮುಗಿಸಿದೆ ಎನ್ನುತ್ತಿದ್ದೆವು, ಅಷ್ಟೇ. ಅಗ್ಗದ ಪುಸ್ತಕಗಳ ಅಂಚು ಆಗ ಕತ್ತರಿಸಿ ಬರುತ್ತಿರಲಿಲ್ಲ. ಹಾಳೆಗಳನ್ನು ಮಡಿಸಿ ಹೊಲಿದು ಹಾಗೇ ಕಳಿಸುತ್ತಿದ್ದರು. ಮಡಿಕೆ ಬಿಡಿಸಲೆಂದು ಗಿರಣಿಯ ಅಂಗಳದ ಬಿದಿರಿನ ಸೀಳೊಂದನ್ನು ಹರಿತ ಮಾಡಿ ನನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ.

ನಾವು ಹಳಿಯಾಳದವರು. ನನ್ನ ತಂಗಿ ನೀಲವ್ವನನ್ನು ಗೋವೆಯ ಅದಿರು ಗಣಿಯಲ್ಲಿ ಮೆಕ್ಯಾನಿಕ್ ಆಗಿದ್ದ ಈರಪ್ಪನಿಗೆ ಕೊಟ್ಟಿದ್ದೆವು. ಚಿಕ್ಕವಳಿದ್ದಾಗ ಸಾಮಾನು ಕಟ್ಟಿ ಬಂದ ಕಾಗದವನ್ನೂ ಬಿಡಿಸಿ ಓದುತ್ತಿದ್ದವಳು. ಆ ಕಡೆ ಕನ್ನಡ ಅಕ್ಷರ ಕಣ್ಣಿಗೆ ಬೀಳುವುದಿಲ್ಲ, ಮರೆತೇ ಹೋಗುತ್ತೇನೇನೋ ಎಂದು ಹೇಳಿ ಕಳಿಸಿದ್ದಳು. ಅಚ್ಚಾದ ಕಾಗದ ಕಂಡರೆ ಅಲ್ಲಿನ ಸಿಪಾಯಿಗಳಿಗೆ ಸಂಶಯ. ಆದ್ದರಿಂದ ಗಣಿ ಕೆಲಸಕ್ಕೆ ಹೋಗುವವರ ಹಾಸಿಗೆಯ ಸುರುಳಿಯಲ್ಲಿ ಒಂದೊಂದೇ ಪುಸ್ತಕ ದಾಟಿಸುತ್ತಿದ್ದೆ. ಹಾಗೆ ಹೋದ ಕೊನೆಯ ಪುಸ್ತಕ ‘ಕಾಡಂಚಿನ ಫೌಜದಾರ’, ಒಬ್ಬ ಪೊಲೀಸ್ ಅಧಿಕಾರಿಯ ಕತೆ.

ನೀಲವ್ವನಿಗೆ ಹೆಣ್ಣು ಮಗು ಆಯಿತು. ತೊಟ್ಟಿಲಿಗೆ ಸೋದರಮಾವ ಬೇಕು. ಅರ್ಜಿ ಹಾಕಿ, ಅಲೆದು, ಎಂಟು ದಿನದ ಪರವಾನಗಿ ಸಿಕ್ಕಿತು. ಪುಸ್ತಕ ಒಯ್ಯುವ ಧೈರ್ಯವಾಗಲಿಲ್ಲ. ಬಾಣಂತಿಗೆ ಒಂದು ಡಬ್ಬಿ ಅಂಟಿನುಂಡಿ ಇಟ್ಟುಕೊಂಡೆ. ಗಣಿ ಕೆಲಸದ ಮೇಲಿನ ‘ನೆಲದ ಹೊಟ್ಟೆ’ಯನ್ನೂ ಸೇರಿಸಿ ಹೊಸ ಪುಸ್ತಕಗಳ ಬಗ್ಗೆ ಒಂದು ಚೀಟಿ ಬರೆದು ಕೋಟಿನ ಒಳಜೇಬಿಗೆ ಹಾಕಿಕೊಂಡೆ. ಅವಳಿಗೆ ನಾಲ್ಕು ಸಾಲು ಕನ್ನಡ ಓದಿದ ಹಾಗೂ ಆಯಿತು, ಯಾವುದು ಬೇಕೆಂದು ಹೇಳಿದರೆ ಆಮೇಲೆ ಕಳಿಸಬಹುದಲ್ಲ ಎಂಬ ಲೆಕ್ಕ. ಚೀಟಿಯಲ್ಲಿ ಇದ್ದದ್ದು ಇಷ್ಟು:

‘ಫೌಜದಾರನನ್ನು ನಾನು ಎರಡೇ ದಿನದಲ್ಲಿ ಮುಗಿಸಿದ್ದೇನೆ. ನೀನೂ ಮುಗಿಸಿದ್ದರೆ ಗುಟ್ಟಾಗಿ ಮುಂದೆ ದಾಟಿಸು. ಸೊಸೆಯರಿಬ್ಬರಲ್ಲಿ ಹಿರಿಯಳು ಹರಿದಿದ್ದಾಳೆ, ಹೊಲಿಗೆ ಹಾಕಿಸಿ ಕಳಿಸುತ್ತೇನೆ. ನೆಲದ ಹೊಟ್ಟೆ ಬಂದಿದೆ. ಅದು ಈರಪ್ಪನಿಗೆ. ಸಿಡಿಮದ್ದಿನ ಭಾಗ ಬಿಡಬಾರದು.’

ಕ್ಯಾಸಲ್‌ರಾಕ್

ರೈಲು ಅಲ್ಲಿಗೆ ಬಂದು ಸುಮ್ಮನಾಯಿತು. ಹಳಿಯೇನೋ ಮುಂದಕ್ಕೂ ಇತ್ತು, ಆದರೆ ಅದರ ಮೇಲೆ ತುಕ್ಕು. ನಮ್ಮ ಕಡೆಯವರು ಪರವಾನಗಿ ನೋಡಿ ಹೆಸರು ಬರೆದುಕೊಂಡರು. ಚಹಾ ಕೊಡಿಸಿದ ರೈಲ್ವೆಯವರೊಬ್ಬರು ಧಾರವಾಡದ ಕಡೆಯವರು. ಏನೇನು ಒಯ್ಯುತ್ತೀರಿ ಎಂದು ವಿಚಾರಿಸಿ, ಉಂಡಿಯ ಡಬ್ಬಿ ನೋಡಿ ನಕ್ಕರು. ಆಮೇಲೆ ತುಸು ಹತ್ತಿರ ಬಂದು, ‘ಬರದ ಕಾಗದ ಏನರ ಇದ್ರ ಇಲ್ಲೇ ಬಿಟ್ಟು ಹೋಗ್ರಿ’ ಅಂದರು.

ನನ್ನ ಕೈ ಜೇಬಿಗೆ ಹೋಯಿತು. ಒಲೆ ಎದುರಿಗೇ ಉರಿಯುತ್ತಿತ್ತು. ಚೀಟಿಯನ್ನು ಅದರಲ್ಲಿ ಹಾಕಿದ್ದರೆ ಈ ಕಥನವೇ ಇರುತ್ತಿರಲಿಲ್ಲ. ಆದರೆ ಅದರಲ್ಲಿ ಇದ್ದದ್ದು ಪುಸ್ತಕದ ಸುದ್ದಿ ತಾನೇ ಎನ್ನಿಸಿತು. ಅದೂ ಅಲ್ಲದೆ, ಬರೆದದ್ದು ಚೆನ್ನಾಗಿ ಬಂದಿತ್ತು. ಸುಡಲು ಮನಸ್ಸಾಗಲಿಲ್ಲ.

ಹಳಿಯ ಪಕ್ಕ ನಡೆದೆ. ನನ್ನ ಮುಂದೆ ಕೊಂಕಣಿ ಮಾತಾಡುವ ಒಂದು ಸಂಸಾರ, ಹಿಂದೆ ಯಾರೂ ಇಲ್ಲ. ಸುರಂಗದಲ್ಲಿ ನನ್ನ ಹೆಜ್ಜೆಯ ಸದ್ದೇ ನನ್ನ ಬೆನ್ನು ಹತ್ತಿದ ಹಾಗೆ ಕೇಳುತ್ತಿತ್ತು. ಕಾಡು ನನಗೆ ಹೊಸದಲ್ಲ. ಜೋಯ್ಡಾದ ಆಚೆ ಅಣಶಿಯ ಹತ್ತಿರ ಬಿದಿರು ಕಡಿಯುವಲ್ಲಿಗೆ ಗಿರಣಿಯ ಲಾರಿಯಲ್ಲಿ ಹೋಗಿ ಹುಲಿಯ ಹೆಜ್ಜೆ ನೋಡಿ ಬಂದವನು ನಾನು. ಆ ಹೆದರಿಕೆ ಬೇರೆ. ಹುಲಿ ಕಾಗದಪತ್ರ ಕೇಳುವುದಿಲ್ಲ. ಇಲ್ಲಿ ಪರವಾನಗಿ ಬೆವರಿಗೆ ಒದ್ದೆಯಾದೀತು, ಶಾಯಿ ಹರಡೀತು ಎಂದು ಅದನ್ನು ಕೈಯಿಂದ ಕೈಗೆ ಬದಲಾಯಿಸುತ್ತ ನಡೆದೆ.

ಆಚೆಯ ಚೌಕಿ

ಚೌಕಿ ಎಂದರೆ ಕೆಂಪು ಹೆಂಚಿನ, ಸುಣ್ಣ ಬಳಿದ ಸಣ್ಣ ಕಟ್ಟಡ. ಕಿಟಕಿಯಲ್ಲಿ ಹೂವಿನ ಕುಂಡ. ಸರಕಾರದ ಕಟ್ಟಡಕ್ಕೆ ಹೂವಿನ ಕುಂಡ ಇಡುವವರು ಕೆಟ್ಟವರಿರಲಾರರು ಎಂದುಕೊಂಡೆ. ಅಲ್ಲಿನ ಅಧಿಕಾರಿಯನ್ನು ಜನ ಕಾಬೊ ಎನ್ನುತ್ತಿದ್ದರು. ಮೀಸೆ ಇಲ್ಲದ ಪೊಲೀಸನನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. ದನಿ ಎತ್ತದೆ ಮಾತಾಡುತ್ತಿದ್ದ. ನಮ್ಮ ಕಡೆ ಪೊಲೀಸರು ಒದರಾಡಿದರೆ ಎಷ್ಟು ಕೋಪ ಇದೆ ಎಂದಾದರೂ ತಿಳಿಯುತ್ತದೆ.

ಉಂಡಿಯ ಡಬ್ಬಿ ತೆರೆಸಿದರು. ಸಿಪಾಯಿಯೊಬ್ಬ ಒಂದೊಂದೇ ಉಂಡಿಯನ್ನು ಒಡೆದು ನೋಡಿದ. ಅಂಟು, ಉತ್ತತ್ತಿ, ಕೊಬ್ಬರಿ ಎಲ್ಲ ಮೇಜಿನ ಮೇಲೆ ಪುಡಿಯಾಗಿ ಬಿತ್ತು. ಅವ್ವ ಎರಡು ದಿನ ಕೂತು ಕಟ್ಟಿದ್ದು. ನನಗೆ ಅಳು ಬಂತು. ಆಮೇಲೆ ಕೋಟು ಬಿಚ್ಚಿಸಿದರು. ಚೀಟಿ ಸಿಕ್ಕಿತು.

ಅದನ್ನು ಓದಲು ದುಭಾಷಿ ಬಂದ. ವಯಸ್ಸಾದ ಕೊಂಕಣಿಗ, ಹಿಂದೆ ಹಳಿಯಾಳದ ಕಟ್ಟಿಗೆ ಡಿಪೋದಲ್ಲಿ ಲೆಕ್ಕ ಬರೆಯುತ್ತಿದ್ದವನಂತೆ. ಅಕ್ಷರದ ಮೇಲೆ ಬೆರಳಿಟ್ಟು ಓದಿದ. ಓದುತ್ತ ಓದುತ್ತ ಬೆರಳು ನಿಧಾನವಾಯಿತು. ಕಾಬೊನಿಗೆ ಅವರ ಭಾಷೆಯಲ್ಲಿ ಏನೋ ಹೇಳಿದ. ಕಾಬೊ ಕುರ್ಚಿ ಎಳೆದುಕೊಂಡು ಕೂತ.

‘ಫೌಜದಾರನ್ನ ಮುಗಸೇನಿ ಅಂತ ಬರದೀರಿ,’ ದುಭಾಷಿ ಕೇಳಿದ. ‘ಯಾವ ಫೌಜದಾರ್ರೀ ಅವ?’

ಆಗಲೇ ನನಗೆ ಹೊಳೆದದ್ದು. ಚೀಟಿ ನನ್ನ ಕಣ್ಣ ಮುಂದೆಯೇ ಬೇರೆಯಾಗಿ ಹೋಯಿತು. ಫೌಜದಾರನನ್ನು ಮುಗಿಸಿದವನು, ನೀನೂ ಮುಗಿಸು ಎಂದು ತಂಗಿಗೆ ಹೇಳುವವನು, ಹೆಂಗಸನ್ನು ಹೊಲಿದು ಕಳಿಸುವವನು, ಗಣಿಯ ಮೆಕ್ಯಾನಿಕ್‌ಗೆ ಸಿಡಿಮದ್ದು ಬಿಡಬೇಡ ಎನ್ನುವವನು, ಎಲ್ಲ ನಾನೇ. ಗೋವೆಯ ಬಿಡುಗಡೆಗೆಂದು ಹೋರಾಡುವವರು ಆಗಾಗ ಗಡಿ ದಾಟುತ್ತಿದ್ದ ಕಾಲ. ಅಂಥವರು ಸಿಕ್ಕಿಬಿದ್ದರೆ ವರ್ಷಗಟ್ಟಲೆ ಜೈಲು ಎಂದು ಕೇಳಿದ್ದೆ. ಪುಸ್ತಕ, ಅದು ಪುಸ್ತಕ ಎಂದು ಎಷ್ಟು ಸಲ ಹೇಳಿದೆನೋ ಗೊತ್ತಿಲ್ಲ.

ಪುಸ್ತಕ ಎಲ್ಲಿ ಎಂದರು. ನೀಲವ್ವ ಓದಿದ ಪುಸ್ತಕಗಳನ್ನು ಮುಂದೆ ಯಾರಿಗೆ ಕೊಡುತ್ತಾಳೆ ಎಂಬುದು ನನಗೆ ತಿಳಿದಿತ್ತು. ಅದೊಂದು ಹೆಸರನ್ನು ಮಾತ್ರ ನುಂಗಿಕೊಂಡೆ. ಆ ದಿನ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು. ಗೊತ್ತಿಲ್ಲ, ಕೈಯಿಂದ ಕೈಗೆ ಹೋಗಿದೆ ಎಂದೆ.

ಕಾಬೊ ಮೆಲ್ಲಗೆ ಏನೋ ಹೇಳಿದ. ದುಭಾಷಿ ನನ್ನ ಕಡೆ ತಿರುಗಿದ. ಅದು ಕತೆಯೇ ಆಗಿದ್ದರೆ ಕತೆ ಹೇಳಬೇಕು. ತಂಗಿಯನ್ನು ಕರೆಸಲು ಜೀಪು ಕಳಿಸುತ್ತಾರೆ. ಅವಳೂ ಬೇರೆ ಕೋಣೆಯಲ್ಲಿ ಅದೇ ಕತೆ ಹೇಳಬೇಕು. ಎರಡೂ ಒಂದೇ ಆದರೆ ಪುಸ್ತಕ. ಬೇರೆ ಬೇರೆಯಾದರೆ ಇಬ್ಬರನ್ನೂ ಮುಂದಿನ ಠಾಣೆಗೆ ಕಳಿಸುವುದು.

ಇನ್ನೊಬ್ಬನಾಗಿದ್ದರೆ ಇದನ್ನು ಕೇಳಿ ಉಸಿರು ಬಿಡುತ್ತಿದ್ದ. ನನಗೆ ಹೆದರಿಕೆ ಇನ್ನೂ ಹೆಚ್ಚಿತು. ಯಾಕೆಂದರೆ ಫೌಜದಾರನನ್ನು ನಾನು ಮುಗಿಸಿರಲಿಲ್ಲ.

ಮಧ್ಯಾಹ್ನದ ನಿದ್ದೆ

ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ. ಹೊಸ ಪುಸ್ತಕದ ಕಟ್ಟು ಬಂದ ದಿನವೇ ಕೇಳುವವರು ವಾಚನಾಲಯದ ಬಾಗಿಲಲ್ಲಿ ನಿಲ್ಲುತ್ತಿದ್ದರು. ಓದಿಲ್ಲ ಎನ್ನಲು ನನಗೆ ನಾಲಿಗೆ ಏಳುತ್ತಿರಲಿಲ್ಲ. ಮುಕ್ಕಾಲು ಪಾಲು ಓದುವುದು, ಉಳಿದದ್ದನ್ನು ಊಹಿಸುವುದು, ಮುಂದಿನ ಪುಸ್ತಕಕ್ಕೆ ಕೈ ಹಾಕುವುದು. ಕೊನೆ ಹೇಳಬಾರದು ಎಂಬ ನನ್ನ ಕಟ್ಟುನಿಟ್ಟಿನ ಗುಟ್ಟು ಇಷ್ಟೇ. ಹಾಗೆ ಎಷ್ಟೋ ಪುಸ್ತಕ ದಾಟಿಸಿದ್ದೆ.

ಕತೆ ಹೇಳಲು ಶುರು ಮಾಡಿದೆ. ಕಾಡಂಚಿನ ಊರಿಗೆ ವರ್ಗವಾಗಿ ಬಂದ ಫೌಜದಾರ. ಅರಣ್ಯದ ಕಾವಲುಗಾರನ ಕೊಲೆ. ಸಂಶಯದ ಮೇಲೆ ಹಿಡಿದು ತಂದ, ಬಿದಿರು ಕಡಿಯುವ ಕುಂಟ. ಅವನ ಹಿಂದೆ ಠಾಣೆಯ ತನಕ ಬಂದು ಮೆಟ್ಟಿಲ ಮೇಲೆ ಕೂತ ಮೂರು ಕಾಲು ಮಾತ್ರ ಬಿಳಿಯಿದ್ದ ಕರಿ ನಾಯಿ. ಕೊಂದವನು ತನ್ನ ಸ್ವಂತ ತಮ್ಮ ಎಂದು ಫೌಜದಾರನಿಗೆ ಗೊತ್ತಾಗುವುದು. ದುಭಾಷಿ ಒಂದೊಂದು ಮಾತನ್ನೂ ಕಾಬೊನಿಗೆ ದಾಟಿಸುತ್ತಿದ್ದ. ನಡುವೆ ಜೀಪು ಬಂದು ನಿಂತಿತು, ಪಕ್ಕದ ಕೋಣೆಯಲ್ಲಿ ಎಳೆಗೂಸು ಅತ್ತಿತು. ನನ್ನ ಸೋದರಸೊಸೆಯ ದನಿ ನಾನು ಮೊದಲು ಕೇಳಿದ್ದು ಹಾಗೆ, ಗೋಡೆಯ ಆಚೆಯಿಂದ.

ತಮ್ಮ ಒಂದು ಸಂಜೆ ತಾನಾಗಿ ಠಾಣೆಗೆ ಬರುತ್ತಾನೆ. ಅಣ್ಣನ ಎದುರು ನಿಂತು, ಕುಡಿಯಲು ನೀರು ಕೊಡು ಎನ್ನುತ್ತಾನೆ. ಅಲ್ಲಿಯ ತನಕ ಹೇಳಿದೆ. ನಾನು ಓದಿದ್ದು ಅಲ್ಲಿಯ ತನಕ.

ಅಷ್ಟರಲ್ಲಿ ಚರ್ಚಿನ ಗಂಟೆ ಬಾರಿಸಿತು. ಕಾಬೊ ಎದ್ದು ಟೋಪಿ ಹಾಕಿಕೊಂಡು ಹೊರಟೇಬಿಟ್ಟ. ಏನಾಯಿತೆಂದು ಕೇಳಿದರೆ, ಊಟ ಮತ್ತು ನಿದ್ದೆ ಎಂದ ದುಭಾಷಿ. ಮಧ್ಯಾಹ್ನ ಆ ಊರೇ ಮಲಗುತ್ತದಂತೆ. ಅಂಗಡಿ ಮುಚ್ಚಿದವು. ಸಿಪಾಯಿ ಬೆಂಚಿನ ಮೇಲೆ ಟೋಪಿಯಿಂದ ಮುಖ ಮುಚ್ಚಿಕೊಂಡ. ನಮ್ಮ ದಾಂಡೇಲಿಯಲ್ಲಿ ಭೋಂಗಾ ಕೂಗಿದರೆ ಮಲಗಿದವರು ಏಳುತ್ತಾರೆ. ಇಲ್ಲಿ ಗಂಟೆ ಬಾರಿಸಿದರೆ ಎದ್ದವರು ಮಲಗುತ್ತಾರೆ. ಎರಡು ತಾಸು ಆ ಕೋಣೆಯಲ್ಲಿ ನಾನು, ಒಡೆದ ಉಂಡಿಗಳು, ಮತ್ತು ನನಗೆ ಗೊತ್ತಿಲ್ಲದ ಕೊನೆ.

ನೀಲವ್ವ ಪುಸ್ತಕ ಅರ್ಧಕ್ಕೆ ಬಿಟ್ಟವಳಲ್ಲ. ಅವಳಿಗೆ ಕೊನೆ ಗೊತ್ತಿರುತ್ತದೆ, ಗೊತ್ತಿದ್ದದ್ದನ್ನೇ ಹೇಳುತ್ತಾಳೆ. ನಾನು ಏನು ಕಟ್ಟಿದರೂ ಅದು ಬೇರೆಯಾಗುತ್ತದೆ. ಫೌಜದಾರ ತಮ್ಮನನ್ನು ಬಿಟ್ಟುಬಿಟ್ಟನೋ, ಹಿಡಿದನೋ, ಗುಂಡು ಹಾರಿಸಿದನೋ. ಓದಿಲ್ಲ ಎಂದು ಹೇಳಿಬಿಡೋಣವೆಂದರೆ ಚೀಟಿಯಲ್ಲಿ ನನ್ನ ಕೈಬರಹ ಇದೆ, ಮುಗಿಸಿದ್ದೇನೆ ಎಂದು. ಬಾಣಂತಿ ಮತ್ತು ಹಸುಗೂಸು ಆ ಊರಿಂದ ಇನ್ನೊಂದು ಠಾಣೆಗೆ ಜೀಪಿನಲ್ಲಿ ಹೋಗುವುದು ಕಣ್ಣಿಗೆ ಕಟ್ಟಿತು. ನಾನು ಓದದೆ ಬಿಟ್ಟ ಹದಿನಾರು ಪುಟಕ್ಕೆ ಅವಳು ದಂಡ ತೆರಬೇಕಾಗಿ ಬಂತಲ್ಲ.

ಕಾಬೊ ಮುಖ ತೊಳೆದುಕೊಂಡು ಬಂದ. ಬಂದವನು ಮೊದಲು ಕೇಳಿದ್ದು, ನೀರು ಕೊಟ್ಟನೋ ಇಲ್ಲವೋ ಎಂದು.

ಕೊಟ್ಟ ಎಂದೆ. ಮುಂದಿನದು ನನ್ನ ಬಾಯಿಂದ ಬಂದದ್ದಲ್ಲ, ನನ್ನ ಹೆದರಿಕೆಯ ಬಾಯಿಂದ ಬಂದದ್ದು. ನೀರು ಕೊಟ್ಟ ಕೈಯಿಂದಲೇ ಫೌಜದಾರ ತಮ್ಮನಿಗೆ ಬೇಡಿ ಹಾಕಿದ, ಕಾನೂನಿಗಿಂತ ರಕ್ತ ದೊಡ್ಡದಲ್ಲ ಎಂದ, ಮೇಲಿನವರು ಮೆಚ್ಚಿ ಬಡ್ತಿ ಕೊಟ್ಟರು. ಪೊಲೀಸನ ಎದುರು ಪೊಲೀಸನಿಗೆ ಹಿಡಿಸುವ ಕೊನೆ. ಇಂಥ ಕೊನೆಯಿರುವ ಕಾದಂಬರಿಯನ್ನು ನಾನು ಯಾರಿಗೂ ಓದಿ ಎನ್ನುತ್ತಿರಲಿಲ್ಲ. ಕಾಬೊ ಮುಖದಲ್ಲಿ ಏನೂ ತೋರಿಸದೆ ಎದ್ದು ಪಕ್ಕದ ಕೋಣೆಗೆ ಹೋದ.

ಎಷ್ಟು ಹೊತ್ತಾಯಿತೋ. ಮಗು ಅತ್ತಿತು, ಸುಮ್ಮನಾಯಿತು, ಮತ್ತೆ ಅತ್ತಿತು. ಕೊನೆಗೆ ದುಭಾಷಿ ಬಂದು ನನ್ನ ಕೋಟು ಕೊಟ್ಟ.

‘ನಾಯಿ ಬಣ್ಣಾನೂ ಒಂದ ಬಂತು,’ ಅಂದ. ‘ನಿಮ್ಮ ತಂಗಿ ನೀರು ಕೇಳೂ ತನಕಾ ಹೇಳಿದ್ರು. ಮುಂದಿಂದು ಓದೂಕಿಂತ ಮೊದಲ ಪುಸ್ತಕ ಕೈ ಬಿಟ್ಟು ಹೋತಂತ. ಹೋಗ್ರಿ.’

ಸೊಸೆಯರು, ನೆಲದ ಹೊಟ್ಟೆ ಎಲ್ಲ ಪುಸ್ತಕಗಳೇ ಎಂದು ಅವಳೂ ಹೇಳಿದ್ದಳಂತೆ. ಚೀಟಿಯನ್ನು ಅವರೇ ಇಟ್ಟುಕೊಂಡರು. ಎಂಟು ದಿನದ ಪರವಾನಗಿಯನ್ನು ಮೂರು ದಿನಕ್ಕೆ ಇಳಿಸಿದರು.

ನೀಲವ್ವನ ಮನೆ

ಈರಪ್ಪ ಚೌಕಿಯ ಹೊರಗೆ ಬಿಸಿಲಲ್ಲೇ ನಿಂತು ಕಾದಿದ್ದ, ಅವನ ತುಟಿ ಒಣಗಿತ್ತು. ಗಣಿಯ ಕೆಂಪು ಧೂಳು ಆ ಊರಿನ ಗೋಡೆ, ಎಲೆ, ಒಣಗಲು ಹಾಕಿದ ಬಟ್ಟೆ, ಎಲ್ಲಕ್ಕೂ ಹತ್ತಿತ್ತು. ಮನೆ ಮುಟ್ಟಿದ ಮೇಲೆ ನೀಲವ್ವ ಮಗುವನ್ನು ನನ್ನ ತೊಡೆಯ ಮೇಲೆ ಇಟ್ಟು, ಉಂಡಿಯ ಪುಡಿಯನ್ನು ಪರಾತಕ್ಕೆ ಸುರಿದು, ತುಪ್ಪ ಸವರಿಕೊಂಡು ಮತ್ತೆ ಕಟ್ಟತೊಡಗಿದಳು.

ನೀನು ಕೊನೆ ಓದಿಲ್ಲವೆ, ಎಂದು ಕೇಳಿದೆ. ಬಾಣಂತನದ ಗಡಿಬಿಡಿಯಲ್ಲಿ ಓದು ನಿಂತಿರಬೇಕು, ದೇವರೇ ಕಾಪಾಡಿದ ಎಂದೂ ಹೇಳಿದೆ.

ಅವಳು ಉಂಡಿ ಕಟ್ಟುತ್ತಲೇ ಇದ್ದಳು. ‘ಓದೀನಿ ಅಣ್ಣಾ. ನೀ ಓದಿಲ್ಲ.’

ಯಾರು ಹೇಳಿದರು ಎಂದೆ.

‘ಯಾರ ಹೇಳ್ಬೇಕು? ಕೊನೀ ಮಡಿಕಿ ನಾನ ಈಳಿಗಿ ಮ್ಯಾಲೆ ಇಟ್ಟು ಬಿಡಿಸೀನಿ. ನೀ ಕಳಿಸಿದ್ದು ಎಲ್ಲಾ ಹಂಗ ಇರ್ತಾವ. ಆ ಮಡಿಕಿಯಿಂದ ಮುಂದ ನೀ ಏನ ಹೇಳ್ತೀದಿ ಅಂತ ನನಗ ಹೆಂಗ ಗೊತ್ತಾಗಬೇಕು? ಅದಕ್ಕ ಅಲ್ಲೇ ನಿಲ್ಲಿಸಿದೆ.’

ಇಷ್ಟು ವರ್ಷ ಕಾಗದದ ಗಿರಣಿಯ ಅನ್ನ ತಿಂದವನಿಗೆ, ಬಿಡಿಸದ ಹಾಳೆಯೇ ಓದಿಲ್ಲ ಎಂದು ಸಾರುತ್ತದೆ ಎಂಬುದು ಹೊಳೆದಿರಲಿಲ್ಲ. ಬಿದಿರಿನ ಸೀಳು ನನ್ನ ಮೇಜಿನ ಮೇಲೆಯೇ ಇತ್ತು. ನಾನು ನಿಲ್ಲಿಸಿದಲ್ಲಿ ಅದೂ ನಿಲ್ಲುತ್ತಿತ್ತು. ಮದುವೆಯಾಗಿ ಹೋದಾಗಿನಿಂದ ನೀಲವ್ವನಿಗೆ ಇದು ಗೊತ್ತಿತ್ತು. ಒಂದು ಸಲವೂ ಎತ್ತಿ ಆಡಿರಲಿಲ್ಲ. ನನಗೆ ಎಷ್ಟು ನಾಚಿಕೆಯಾಯಿತೆಂದರೆ ಕಾಬೊನೇ ವಾಸಿ ಎನ್ನಿಸಿತು.

ಫೌಜದಾರ ನಿಜವಾಗಿ ಏನು ಮಾಡಿದ ಎಂದು ಮೂರು ದಿನವೂ ಕೇಳಿದೆ. ಅವಳು ಹೇಳಲಿಲ್ಲ. ತೊಟ್ಟಿಲ ಶಾಸ್ತ್ರ ಮುಗಿದು, ಮಗುವಿಗೆ ಹೆಸರಿಟ್ಟು, ನಾನು ಹೊರಟು ನಿಂತಾಗ ಇನ್ನೊಮ್ಮೆ ಕೇಳಿದೆ. ಆಗ ಸ್ವಲ್ಪ ನಕ್ಕಳು.

‘ಕೊನೀ ಹೇಳಬಾರದು ಅಂತ ನೀನ ಕಲಿಸೀದಿ,’ ಅಂದಳು.

ಮರಳಿ ದಾಂಡೇಲಿ

ಬರುವಾಗಲೂ ಅದೇ ಚೌಕಿ, ಅದೇ ಸುರಂಗ. ಕೋಟಿನ ಜೇಬು ಖಾಲಿಯಿತ್ತು, ಆದರೂ ಹತ್ತು ಸಲ ಮುಟ್ಟಿ ನೋಡಿಕೊಂಡೆ. ಕ್ಯಾಸಲ್‌ರಾಕ್‌ನಲ್ಲಿ ಅದೇ ರೈಲ್ವೆಯವರು ಹೇಗಿತ್ತು ಪ್ರವಾಸ ಎಂದು ಕೇಳಿದರು. ಚೆನ್ನಾಗಿತ್ತು ಎಂದೆ.

ಊರಿಗೆ ಬಂದವನು ಮನೆಗೆ ಹೋಗುವ ಮೊದಲು ವಾಚನಾಲಯದ ಕೀಲಿ ತೆಗೆದೆ. ಜನರಿಗೆ ನಾನು ಓದಲೇಬೇಕು ಎಂದು ಕೊಟ್ಟ ಪುಸ್ತಕಗಳನ್ನು ಕಪಾಟಿನಿಂದ ಒಂದೊಂದಾಗಿ ಇಳಿಸಿ ಅಂಚು ನೋಡಿದೆ. ಎಲ್ಲದರಲ್ಲೂ ಯಾವುದೋ ಒಂದು ಪುಟದ ತನಕ ನನ್ನ ಬಿದಿರಿನ ಸೀಳಿನ ನೇರ ಅಂಚು. ಅಲ್ಲಿಂದ ಮುಂದೆ ಬೇರೆ ಕೈಗಳು. ಒಂದನ್ನು ಬ್ಲೇಡಿನಿಂದ ಅಚ್ಚುಕಟ್ಟಾಗಿ ಕೊಯ್ದಿದ್ದರು, ಅದು ಮುಂಡಗೋಡದ ಮಾಸ್ತರರು. ಒಂದನ್ನು ಬೆರಳಿನಿಂದಲೇ ಸೀಳಿ ಹಾಳೆಯ ಅಂಚು ಹಿಂಜಿತ್ತು. ಒಂದರಲ್ಲಿ ಹೇರ್‌ಪಿನ್ನಿನ ಗೀರು. ಇನ್ನೊಂದರ ಕೊನೆಯ ಹಾಳೆಗಳ ಮೇಲೆ ಅರಿಸಿನದ ಕಲೆ, ಅದು ಗಂಗವ್ವ ತರಕಾರಿ ಹೆಚ್ಚುವ ಈಳಿಗೆಯದು. ಇವರೆಲ್ಲ ನನ್ನ ಮಾತು ಕೇಳಿ ಪುಸ್ತಕ ಒಯ್ದು, ನನ್ನ ಸುಳ್ಳನ್ನು ತಾವೇ ಬಿಡಿಸಿ ಓದಿ, ಚೆನ್ನಾಗಿತ್ತು ಮಾಸ್ತರ ಎಂದು ತಂದುಕೊಟ್ಟು ಹೋಗಿದ್ದರು. ಕಾಲನಿಗೆಲ್ಲ ಗೊತ್ತಿತ್ತು.

ಶನಿವಾರದ ಮೊದಲು ಊರು ಬಿಟ್ಟು ಹೋಗೋಣ ಎನ್ನುವಷ್ಟು ಹೆದರಿಕೆಯಾಗಿತ್ತು. ಶನಿವಾರ ಬಂತು. ಗಂಗವ್ವ ಸೊಸೆಯನ್ನು ಹಿಂದಕ್ಕೆ ಕೊಟ್ಟು, ಮೇಜಿನ ಮೇಲಿದ್ದ ಹೊಸ ಪುಸ್ತಕ ಎತ್ತಿಕೊಂಡಳು. ಎರಡೂ ಬದಿ ತಿರುಗಿಸಿ ನೋಡಿದಳು. ಇದು ಹೇಗಿದೆ ಎಂದು ಯಾವಾಗಿನ ಹಾಗೆ ಕೇಳಿದಳು. ಹೊಗಳಿಕೆಯ ನಾಲ್ಕು ಮಾತು ನನ್ನ ಬಾಯಿಗೆ ತಾವಾಗಿ ಬಂದವು. ಚೌಕಿಯಲ್ಲಿ ಆ ಹೆಸರನ್ನು ನುಂಗಿದ ಹಾಗೆ ಅವನ್ನೂ ನುಂಗಿಕೊಂಡೆ.

‘ಇಲ್ಲ ಗಂಗವ್ವಾ,’ ಅಂದೆ. ‘ಇದನ್ನ ನಾ ಓದಿಲ್ಲ.’

ಅವಳು ನನ್ನ ಮುಖ ನೋಡಿದಳು. ಪುಸ್ತಕವನ್ನು ಕಂಕುಳಿಗೆ ಸೇರಿಸಿ, ಮೇಜಿನ ಮೇಲಿದ್ದ ಬಿದಿರಿನ ಸೀಳನ್ನು ಎತ್ತಿಕೊಂಡಳು.

‘ಹಂಗಾದ್ರ ಇದನ್ನೂ ಒಯ್ತೇನ್ರಿ ಮಾಸ್ತರ,’ ಅಂದಳು. ‘ನಾ ಮುಗಿಸಿ ಹೇಳ್ತೇನಿ.’

ಸೀಳು ಎರಡು ವಾರ ಅವಳ ಮನೆಯಲ್ಲೇ ಇತ್ತು.